ತಂಡಕ್ಕೆ ಬಂದ ಹೊಸಹಕ್ಕಿ

ಹೊಸಬರನ್ನು ಪರೀಕ್ಷಿಸದೆ ನಂಬಬಾರದೆಂಬ ನಿಯಮವನ್ನು ನಮ್ಮ ತಂಡದಲ್ಲಿ ಮಾಡಿದವನು ನಾನು. ಮೊಬೈಲಿನ ಬಂದೂಕಿನ ಆಟದಲ್ಲಿ ನಾವು ಮೂವರು ಯರಗುಪ್ಪಿಯ ಹಳಬರು: ನಾನು, ನನ್ನ ತಂಗಿ ಅಮೃತಾ ಮತ್ತು ನಮ್ಮ ಓಣಿಯ ಮಾಂತೇಶ. ಕಳೆದ ವರ್ಷ ನಾಲ್ಕನೆಯವನಾಗಿ ಸೇರಿದ ಅಪರಿಚಿತನೊಬ್ಬ ಬಹುಮಾನದ ಆಸೆ ತೋರಿಸಿ, ಮಾಂತೇಶನಿಂದ ಒಟಿಪಿ ಪಡೆದು, ಅವನ ಖಾತೆಯನ್ನೇ ಕಸಿದುಕೊಂಡಿದ್ದ. ಅಂದಿನಿಂದ ಹೊಸದಾಗಿ ಬಂದವರು ಆಟದ ಪ್ರತಿ ಮನೆಯೊಳಕ್ಕೂ ಮೊದಲು ನುಗ್ಗಬೇಕು. ಒಳಗೆ ಶತ್ರುವಿದ್ದರೆ ಗುಂಡು ಅವರಿಗೇ ತಗಲುತ್ತದೆ. ಸಿಕ್ಕ ಒಳ್ಳೆಯ ಬಂದೂಕನ್ನು ಹಳಬರಿಗೆ ಒಪ್ಪಿಸಬೇಕು. ಬಹುತೇಕರು ಬೇಗನೆ ಬೇಸತ್ತು ಬಿಟ್ಟುಹೋಗುತ್ತಿದ್ದರು.

‘ಹೊಸಹಕ್ಕಿ’ ಎಂಬ ಹೆಸರಿನಲ್ಲಿ ಬಂದ ವ್ಯಕ್ತಿ ಮಾತ್ರ ಬಿಡಲಿಲ್ಲ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾಂತೇಶ ಹಾಕಿದ್ದ ತಂಡದ ಕೋಡ್ ಬಳಸಿ ಸೇರಿದ್ದರಿಂದ ಊರಿನವರೇ ಇರಬೇಕು. ಆದರೆ ನಮ್ಮಂತೆ ಮೈಕಿನಲ್ಲಿ ಮಾತಾಡದ್ದರಿಂದ ಧ್ವನಿ ಕೇಳಿಸುತ್ತಿರಲಿಲ್ಲ. ಎಲ್ಲವನ್ನೂ ಟೈಪ್ ಮಾಡಿ ಹೇಳುವುದು. ಬಂದೂಕನ್ನು ಆಕಾಶಕ್ಕೆ ಹಿಡಿದು ಗೋಡೆಗೆ ಹಾಯುತ್ತ ನಡೆಯುವುದು.

“ಪ್ರಭಣ್ಣ, ಇದು ಮನಶ್ಯಾ ಅಲ್ಲೋ, ದಾರಿ ತಪ್ಪಿದ ಎಮ್ಮಿ,” ಎಂದು ಮಾಂತೇಶ ನಕ್ಕ.

ನನಗೆ ನಗು ಬರಲಿಲ್ಲ. ಪ್ರತಿ ಸಲ ಸತ್ತ ಮೇಲೂ ಆ ವ್ಯಕ್ತಿ ಒಂದೇ ಪ್ರಶ್ನೆ ಕೇಳುತ್ತಿತ್ತು: “ವೋಟರ್ ಲಿಸ್ಟಿನಾಗ ನಿಮ್ಮ ಹೆಸರ ಐತೇನ್ರಿ?” ಯಾವುದೋ ಪಕ್ಷದ ಏಜೆಂಟನಿರಬಹುದೆಂದು ಊಹಿಸಿ, ಯಾರಿಗೆ ಮತ ಹಾಕಬೇಕೆಂದು ಕೇಳಿದೆ. “ಅದನ್ನ ನಾ ಹೇಳೂದಿಲ್ಲ, ನೀವೂ ನನಗ ಹೇಳಬ್ಯಾಡ್ರಿ,” ಎಂಬ ಉತ್ತರ ಬಂತು. ಇಷ್ಟು ನಿರ್ದೋಷವಾದ ಉತ್ತರ ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಮರುದಿನ ಬಂದ ಸಂದೇಶ ಓದಿ ನಾನು ಆಟವನ್ನೇ ನಿಲ್ಲಿಸಿದೆ. “ಅಮೃತಾ, ಜೂನ್ ಒಂದಕ್ಕ ನಿಮಗ ಹದಿನೆಂಟು ತುಂಬೇತಿ. ಮಾಂತೇಶ, ನಿಮಗೂ ಜೂನ್ ಒಂದಕ್ಕನ. ಹೆಸರ ಹಚ್ಚಾಕ ಈ ರವಿವಾರ ಕಡೀ ದಿನ. ಆಧಾರ ಕಾರ್ಡು, ಮನಿಯವರದೊಂದು ವೋಟರ್ ಕಾರ್ಡು ತಗೊಂಡು ಊರ ಕನ್ನಡ ಸಾಲಿಗಿ ಬರ್ರಿ.”

ಒಬ್ಬರ ಜನ್ಮದಿನವನ್ನು ಊಹಿಸಿ ಸರಿಯಾಗುವ ಸಂಭವ ಮುನ್ನೂರ ಅರವತ್ತೈದರಲ್ಲಿ ಒಂದು. ಇಬ್ಬರದೂ ಸರಿಯಾಗುವ ಸಂಭವ ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ. ಇದು ಊಹೆಯಲ್ಲ, ಎಲ್ಲಿಂದಲೋ ಕದ್ದ ಮಾಹಿತಿ ಎಂದು ನಾನು ತೀರ್ಮಾನಿಸಿದೆ.

“ನಾ ಹೋಗಾಕಿನ,” ಎಂದಳು ಅಮೃತಾ.

“ಯಾರಂತ ಗೊತ್ತಿಲ್ಲದನ ಕಾರ್ಡ್ ಕೊಡ್ತೀಯೇನ?”

“ಸಾಲಿಗಿ ಕರದಾರಣ್ಣಾ, ಜ್ವಾಳದ ಹೊಲಕ್ಕಲ್ಲ.”

“ಈ ಸಲ ಬಿಡು. ಒಂದು ವೋಟಿಲ್ಲಂದ್ರ ಏನಾಕ್ಕೈತಿ?”

“ಮಳಿ ಆದ್ರ ಕಾಲೇಜಿನ ಬಸ್ಸು ಊರ ಹೊರಗ ನಿಂದರತೈತಿ. ಎರಿ ಮಣ್ಣಾಗ ಚಪ್ಪಲಿ ಕೈಯಾಗ ಹಿಡಕೊಂಡು ಹೋಗಾಕಿ ನಾನು, ನೀ ಅಲ್ಲ. ರಸ್ತಾ ಮಾಡಸ್ರಿ ಅಂತ ಕೇಳಾಕ ಹ್ವಾದ್ರ ಪಂಚಾಯ್ತಿ ಮೆಂಬರ್ ಕಾಕಾ ಏನಂದ ಗೊತ್ತೈತಿ? ‘ನಿಂದು ವೋಟ್ ಐತೇನವಾ?’ ಅಂದು ನಕ್ಕ. ಪಂಚಾಯ್ತಿ ಇಲೆಕ್ಷನ್ ಬಂದಾಗ ಅಂವಗ ಜವಾಬ ಕೊಡಬೇಕು ನಾನು.”

ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ, ಪೆಟ್ಟಿಗೆಯಲ್ಲಿದ್ದ ಅವಳ ಆಧಾರ್ ಕಾರ್ಡನ್ನೂ ಅವ್ವನ ಮತದಾರರ ಗುರುತಿನ ಚೀಟಿಯನ್ನೂ ನನ್ನ ಅಂಗಿಯ ಕಿಸೆಗೆ ಸೇರಿಸಿದೆ. ಬಳಿಕ ಮಾಂತೇಶನನ್ನು ಕರೆದುಕೊಂಡು, ಆ ವ್ಯಕ್ತಿ ಯಾರೆಂದು ನೋಡಲು ಶಾಲೆಗೆ ಹೋದೆ.

ಶಾಲೆಯ ಕೋಣೆಯಲ್ಲಿ ಅರ್ಜಿಗಳನ್ನಿಟ್ಟುಕೊಂಡು ಕುಳಿತಿದ್ದವರು ಅಂಗನವಾಡಿಯ ಗಂಗಾ ಟೀಚರು. ನಮಗೆಲ್ಲ ಹಾಡು ಕಲಿಸಿದವರು. ಮತದಾರರ ಪಟ್ಟಿಯ ಕೆಲಸವನ್ನೂ ಅವರಿಗೇ ವಹಿಸಿದ್ದರು. ಅವರ ಕೈಯಲ್ಲಿದ್ದ ಮೊಬೈಲಿನಲ್ಲಿ ಒಬ್ಬ ಸೈನಿಕ ಬಂದೂಕು ಮೇಲೆತ್ತಿ ಗೋಡೆಗೆ ಹಾಯುತ್ತಿದ್ದ.

“ಅಯ್ಯ ಶಿವನ! ಹೊಸಹಕ್ಕಿ ನೀವೇನ್ರಿ ಟೀಚರ್ರ?” ಎಂದ ಮಾಂತೇಶ.

“ಹೌದಪಾ. ಎಷ್ಟ ಸಲ ಸಾಯಿಸಿದ್ರೋ ನನ್ನ! ಮ್ಯಾಲ ಎಮ್ಮಿ ಅಂತೀ. ನನ್ನ ಮೈಕ್ ಬಂದ್ ಇತ್ತು, ಕಿವಿ ಬಂದ್ ಇರಲಿಲ್ಲ.”

ಮಾಂತೇಶ ತಲೆ ತಗ್ಗಿಸಿದ.

“ಹೆಸರ ಯಾಕ ಮುಚ್ಚಿಟ್ರಿ?” ಎಂದು ನಾನು ಕೇಳಿದೆ.

“ನಿಮ್ಮ ಮನಿಗೆ ಬಂದಾಗೆಲ್ಲಾ ‘ಆಮ್ಯಾಲ ಬರ್ರಿ’ ಅಂದ್ರಿ. ಈ ಮಾಂತೇಶ ಅಂತೂ ಹಿತ್ತಲ ಬಾಗಲಲೆ ಓಡಿದ. ಹೆಸರ ಹೇಳಿದ್ರ ಆಟದಾಗಿಂದೂ ಓಡ್ತಿದ್ರಿ.”

“ಮತ್ತ ಅಮೃತಾಂದು, ಮಾಂತೇಶಂದು ಹುಟ್ಟಿದ ತಾರೀಖ ನಿಮಗ ಹೆಂಗ ಸಿಕ್ಕವು?”

ಟೀಚರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ನಿಂದ ಯಾವತ್ತೋ?”

“ಜೂನ್ ಒಂದು,” ಎಂದವನು ಅಲ್ಲಿಗೇ ನಿಂತೆ.

“ನಂದೂ ಜೂನ್ ಒಂದ. ಸಾಲಿಗಿ ಹೆಸರ ಹಚ್ಚೂ ಮುಂದ ತಾರೀಖ ಕೇಳಿದ್ರ ನಿಮ್ಮವ್ವ ‘ಜ್ವಾಳ ಕೊಯ್ಯೂವಾಗರಿ’ ಅಂದಿರತಾಳ. ಮಾಸ್ತರು ಸಾಲಿ ಸುರು ಆಗೂ ದಿನಾನ ಬರದಿರತಾರ. ಊರಾಗ ಅರ್ಧ ಮಂದಿ ಅವತ್ತ ಹುಟ್ಟ್ಯಾರಲ್ಲೋ.”

ಮಾಂತೇಶ ಗೋಡೆಗೆ ಒರಗಿ ನಕ್ಕ. ಈ ಸಂಗತಿ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಲೆಕ್ಕದಲ್ಲಿ ಮಾತ್ರ ಅದನ್ನು ಸೇರಿಸಿರಲಿಲ್ಲ. ಆದರೂ ನನ್ನ ಅನುಮಾನ ಪೂರ್ತಿ ಕರಗಲಿಲ್ಲ. ಅರ್ಜಿಗಳು ಎಲ್ಲಿಗೆ ಹೋಗುತ್ತವೆ, ಕಾರ್ಡಿನ ನಕಲು ಯಾರ ಕೈಯಲ್ಲಿರುತ್ತದೆ ಎಂದು ಒಂದೊಂದಾಗಿ ಕೇಳಿದೆ. ಟೀಚರು ಸಿಟ್ಟಾಗದೆ ಉತ್ತರಿಸಿ, ತಮ್ಮ ಗುರುತಿನ ಚೀಟಿಯನ್ನೂ ಮುಂದಿಟ್ಟರು. ನಾನು ಅದನ್ನು ಓದುತ್ತಿದ್ದಾಗ ಅಮೃತಾ ಏದುಸಿರು ಬಿಡುತ್ತ ಬಂದಳು. ಕಣ್ಣು ಕೆಂಪಾಗಿದ್ದವು.

“ಟೀಚರ್ರ, ಪೆಟಗಿ ಎಲ್ಲಾ ಬೋರಲ ಹಾಕಿ ನೋಡ್ದೆ. ಕಾರ್ಡ ಸಿಗವಲ್ದು. ನಾಳೆ ತಂದ್ರ ನಡೀತೈತೇನ್ರಿ?”

“ಇಲ್ಲವಾ. ಇವತ್ತ ಕಡೀ.”

ಇನ್ನೂ ಕೇಳಬೇಕಾದ ಪ್ರಶ್ನೆಗಳು ನನ್ನಲ್ಲಿದ್ದವು. ಆದರೆ ಎಷ್ಟು ಕೇಳಿದರೂ ಮತ್ತೊಂದು ಉಳಿಯುತ್ತದೆಂದು ಆಗ ತಿಳಿಯಿತು. ಕಿಸೆಯಿಂದ ಎರಡನ್ನೂ ತೆಗೆದು ಟೀಚರ ಮುಂದೆ ಹಿಡಿದೆ.

ಅವರು ಕೈ ಚಾಚಲಿಲ್ಲ. “ಇಕಿ ಕಾರ್ಡು ಇಕೀ ಕೈಯಾಗ ಕೊಡು.”

ಅಮೃತಾ ನನ್ನ ಕೈಯಿಂದ ಅವನ್ನು ತೆಗೆದುಕೊಂಡಳು. ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುವಿ, ನಕಲೋ ಅಸಲೋ ಎಂಬಂತೆ ಅಂಚನ್ನು ಬೆರಳಿನಿಂದ ತಡವಿ, ಅವ್ವನ ಚೀಟಿಯ ಮೇಲಿನ ಹೆಸರನ್ನು ನಿಧಾನವಾಗಿ ಓದಿದಳು. ಆಮೇಲೆಯೇ ಬೆಂಚಿನ ಮೇಲೆ ಕುಳಿತಳು.

“ಪೆನ್ ಕೊಡ್ರಿ ಟೀಚರ್ರ,” ಎಂದಳು. “ಮತ್ತ ಇಂವಗ ಹೊರಗ ನಿಂದರಾಕ ಹೇಳ್ರಿ. ನಾ ಅರ್ಜಿ ತುಂಬೂವಾಗ ಬಾಜೂಕ ಇರೂದ ಬ್ಯಾಡ.”