ಎರಡು ಡಿಸ್ಕಿಗೂ ಗುರುತು

ಮೈದುನನಿಗೆ ಅನುಭವ ಇರಲಿಲ್ಲ. ಓದಿಕೊಂಡಿದ್ದ, ವಾದಕ್ಕೆ ನಿಂತರೆ ಬಿಡುತ್ತಿರಲಿಲ್ಲ. ಆದರೆ ಒಂದು ಕಂಪ್ಯೂಟರಿಗೂ ಕೈಯಾರೆ ಆಪರೇಟಿಂಗ್ ಸಿಸ್ಟಂ ಹಾಕಿದವನಲ್ಲ. ಇದು ಅವನೊಬ್ಬನಿಗೇ ಗೊತ್ತಿತ್ತು.

ಅತ್ತಿಗೆಯದು ಕಸೂತಿ ಅಂಗಡಿ. ಮುಂದಿನ ಕೋಣೆಯಲ್ಲಿ ಅಣ್ಣ ನಡೆಸುವ ಯಂತ್ರ, ಹಿಂದಿನದರಲ್ಲಿ ದಾರದ ಉಂಡೆಗಳ ನಡುವೆ ಕಂಪ್ಯೂಟರ್. ಸಮವಸ್ತ್ರದ ಲಾಂಛನ, ಟವೆಲಿನ ಮೇಲಿನ ಹೆಸರು, ಮಗುವಿನ ಅಂಗಿಯ ಬಾತುಕೋಳಿ ಎಲ್ಲವನ್ನೂ ಅವಳೇ ಅದರಲ್ಲಿ ಒಂದೊಂದು ಹೊಲಿಗೆಯಾಗಿ ಬರೆದು ಯಂತ್ರಕ್ಕೆ ಕೊಡುತ್ತಿದ್ದಳು. ಹಳೆಯ ಸಿಸ್ಟಂ ಮಾತೆತ್ತಿದರೆ ಮುಗ್ಗರಿಸತೊಡಗಿತು. ಪುಕ್ಕಟೆ ಸಿಗುವ ಒಳ್ಳೆಯದನ್ನು ಹಾಕಿಕೊಡುತ್ತೇನೆಂದು ಮೈದುನ ಮುಂದೆ ಬಿದ್ದ.

“ಪಕ್ಕದ ಪ್ರೆಸ್‌ನೋರು ಅದೇನೋ ಲಿನಕ್ಸ್ ಹಾಕ್ಕೊಂಡಿದಾರಲ್ಲ, ಅದೇ ಸಾಕಲ್ವೇನೋ?” ಎಂದಳು ಅತ್ತಿಗೆ. “ಸಿಕ್ಕಾಕ್ಕೊಂಡ್ರೆ ಕೇಳೋಕೆ ಪಕ್ಕದಲ್ಲೇ ಜನ ಇರ್ತಾರೆ.”

“ಅದು ಕೈ ಹಿಡ್ಕೊಂಡು ನಡೆಯೋರಿಗೆ ಅತ್ತಿಗೆ. ನಾನು ಬಿಎಸ್‌ಡಿ ಅನ್ನೋ ಸಿಸ್ಟಂ ಹಾಕ್ತೀನಿ. ನೇರ ಹಳೇ ಯುನಿಕ್ಸ್ ಸಿಸ್ಟಂ ಮನೆತನದ್ದು.”

“ಮನೆತನ ನೋಡೋಕೆ ನಾವೇನು ಹೆಣ್ಣು ಕೊಡ್ತಿದೀವೇನೋ?”

ಅಣ್ಣ ಯಂತ್ರದ ಹಿಂದಿನಿಂದ ನಕ್ಕ. “ಅವನಿಗೆ ಬಿಡೇ, ತಿಳ್ಕೊಂಡೋನು.”

ಆ ಮಾತು ಮೈದುನನ ತಲೆಗೇರಿತು. ಮೊದಲು ವಿನ್ಯಾಸಗಳನ್ನೆಲ್ಲ ಹೊರಗಿನಿಂದ ತಂತಿಯಲ್ಲಿ ಜೋಡಿಸುವ ಹೊಸ ಡಿಸ್ಕಿಗೆ ನಕಲು ಮಾಡಿದ. ಅಲ್ಲಿಯವರೆಗೆ ಸರಿಯಾಗಿಯೇ ನಡೆದಿತ್ತು.

“ಇದನ್ನ ಕಿತ್ತು ಬೀರುನಲ್ಲಿ ಇಡ್ಲೇನೋ?” ಎಂದು ಅತ್ತಿಗೆ ಡಿಸ್ಕಿನ ತಂತಿಗೆ ಕೈಹಾಕಿದಳು.

“ಅದರ ಪಾಡಿಗೆ ಅದಿರ್ಲಿ. ಮುಟ್ಬೇಡಿ.”

ಹೊಸ ಸಿಸ್ಟಂ ಹಾಕುವ ಅರ್ಧ ದಾರಿಯಲ್ಲಿ ತೆರೆಯ ಮೇಲೆ ಎರಡು ಡಿಸ್ಕುಗಳ ಹೆಸರು ಬಂದವು. ಹೆಸರೆಂದರೆ ಎರಡಕ್ಷರ, ಒಂದಂಕಿ. ಮುಂದೆ ಗುರುತು ಹಾಕಲು ಚೌಕ. ಒಂದಕ್ಕೆ ಹಾಕಬೇಕೋ ಎರಡಕ್ಕೋ ಅವನಿಗೆ ತಿಳಿಯಲಿಲ್ಲ. ಎದ್ದುಹೋಗಿ ಪ್ರೆಸ್‌ನವರನ್ನು ಕೇಳಬಹುದಿತ್ತು. ಅತ್ತಿಗೆ ಬೆನ್ನ ಹಿಂದೆಯೇ ನಿಂತಿದ್ದಳು. ಎರಡೂ ಸೇರಿದರೆ ಜಾಗ ಹೆಚ್ಚಾದೀತು ಎಂದು ಎರಡಕ್ಕೂ ಹಾಕಿದ. ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ತೆರೆ ಕೇಳಿತು. ಹಳೆಯದು ಅಳಿಯಲೇಬೇಕಲ್ಲ ಎಂದು ಒತ್ತಿದ.

ಹೊಸ ಸಿಸ್ಟಂ ಎದ್ದು ಕೂತಿತು. ನಕಲು ಎಲ್ಲೂ ಇರಲಿಲ್ಲ. ಎರಡನೆಯ ಗುರುತು ಬಿದ್ದದ್ದು ನಕಲಿದ್ದ ಡಿಸ್ಕಿಗೇ ಎಂದು ಮೈದುನನಿಗೆ ಆಗಲೇ ಹೊಳೆಯಿತು.

“ಎಲ್ಲೋ ನನ್ನ ಬಾತುಕೋಳಿ?”

“ಆ ಡಿಸ್ಕು... ಕೆಟ್ಟಿದೆ ಅನ್ಸುತ್ತೆ ಅತ್ತಿಗೆ.”

ಅವಳು ಸ್ಟೂಲಿನ ಮೇಲೆ ಕುಸಿದಳು. ಸ್ವಲ್ಪ ಹೊತ್ತಿಗೆ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟಳು. “ನೀನ್ಯಾಕೋ ಮುಖ ಸಪ್ಪೆ ಮಾಡ್ತೀಯ? ನಿಂದೇನು ತಪ್ಪು? ಮೊನ್ನೆ ಮೊನ್ನೆ ತಂದಿದ್ದಪ್ಪ ಅದು. ಮಾರಿದೋನಿಗೆ ನೀರಿಳಿಸ್ತೀನಿ, ತಾಳು.” ನಂಬರು ಒತ್ತಿ ಫೋನನ್ನು ಅವನ ಕೈಗೇ ಕೊಟ್ಟಳು. “ನಂಗೆ ಆ ಮಾತೆಲ್ಲ ಬರಲ್ಲ. ನೀನೇ ಬಿಡಿಸಿ ಹೇಳು.”

ನಿಜ ಹೇಳಲು ಆಗಲೂ ಹೊತ್ತು ಮೀರಿರಲಿಲ್ಲ. ಅವನು ಫೋನು ಕಿವಿಗಿಟ್ಟ.

“ಏನ್ರೀ, ಎಂಥಾ ಮಾಲು ಕೊಡ್ತೀರಿ? ಜನ ನಂಬಿ ತಗೊಳ್ಳೋದಲ್ವಾ?” ಬೈಗುಳ ಸರಾಗವಾಗಿ ಬಂತು.

“ತಪ್ಪಾಯ್ತು ಸರ್, ಬೇರೆ ಕೊಡ್ತೀನಿ,” ಎಂದ ಡಿಸ್ಕು ಮಾರಿದವನು. “ಒಳಗಿದ್ದಿದ್ದು ತುಂಬ ಮುಖ್ಯದ್ದಾ ಸರ್?”

ಅಣ್ಣ ಯಂತ್ರ ನಿಲ್ಲಿಸಿ ಒಳಗೆ ಬಂದ. “ಸಾಕು ಬಿಡೋ, ಅವನೇನು ಬೇಕಂತ ಮಾಡಿದ್ನಾ?”

ಡಿಸ್ಕಿಗೆ ಏನೂ ಆಗಿರಲಿಲ್ಲ. ಹೋದದ್ದು ನಾನೂರ ಹನ್ನೆರಡು ವಿನ್ಯಾಸ, ಅತ್ತಿಗೆಯ ಏಳು ವರ್ಷದ ಕೆಲಸ.