ದೀಘಾ ಎಂದು ಬರೆದ ಶೀಶೆ

ಪೌಷ ಮಾಸದ ಚಳಿ, ಮಧ್ಯಾಹ್ನ ಎರಡು ಗಂಟೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದ ಇಂಚರಾ ಹೊಸ ಬೆಲ್ಲದ ಸಂದೇಶ್ ಸಿಹಿಯ ಡಬ್ಬಿ ಬಿಚ್ಚಿ, ಮೊದಲ ತುಂಡನ್ನು ಅಟೆಂಡರ್ ರಂಗನಾಥನ ಅಂಗೈಗೆ ಹಾಕಿದಳು. ಇದೇ ಕಲ್ಕತ್ತೆಯಲ್ಲಿ ಬೆಳೆದ, ಕನ್ನಡಿಗ ರೈಲ್ವೆ ನೌಕರರೊಬ್ಬರ ಮಗಳು ಅವಳು. ಕನ್ನಡದಲ್ಲಿ ಮಾತಾಡಲು ಇಡೀ ವಿಭಾಗದಲ್ಲಿ ಅವಳಿಗೆ ಇದ್ದದ್ದು, ಬಂಗಾಳಿಗಳಂತೆ ಕಾಕು, ಅಂದರೆ ಚಿಕ್ಕಪ್ಪ, ಎಂದು ಅವಳು ಕರೆಯುವ ಇವನೊಬ್ಬನೇ.

ಅವಳ ಲೇಖನ ಮರುದಿನ ವಿಜ್ಞಾನ ಪತ್ರಿಕೆಗೆ ಹೋಗುವುದಿತ್ತು. ಮೀನಿನ ನಾಲಿಗೆಯ ರಕ್ತ ಹೀರಿ, ಅದು ಸವೆದ ಮೇಲೆ ಆ ಜಾಗದಲ್ಲಿ ತಾನೇ ನಾಲಿಗೆಯಂತೆ ಕೂರುವ ಒಂದು ಹೇನಿನ ಬಗ್ಗೆ. ಪುಸ್ತಕದಲ್ಲಿ ಐಸೊಪಾಡ್ ಅನ್ನುತ್ತಾರೆ. ವಿಭಾಗದ ಕಪಾಟಿನ ಒಂದು ಶೀಶೆಯ ಹೇನು ಉಳಿದವುಗಳಂತಿರಲಿಲ್ಲ. ಅದರ ಏಳು ಜೊತೆ ಕಾಲುಗಳ ಚಿತ್ರ ಬರೆದು, ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ಹೋಲಿಸಿ, ಇದು ಯಾರೂ ಹೆಸರಿಡದ ಜಾತಿ ಎಂದು ತೀರ್ಮಾನಿಸಿದ್ದಳು. ಶೀಶೆಯೊಳಗಿನ ಚೀಟಿಯನ್ನು ಈಗ ಅವನಿಗೆ ಓದಿ ಹೇಳಿದಳು. ದೀಘಾ, ಬಂಗಾಳದ ಕಡಲು. ಹೇನಿಗೂ ಬಂಗಾಳದ ಹೆಸರನ್ನೇ ಇಟ್ಟಿದ್ದಳು.

ರಂಗನಾಥ ಸಂದೇಶ್ ಬಾಯಿಗಿಡಲಿಲ್ಲ.

"ತಂಗೀ, ಅದು ದೀಘಾದಲ್ಲ. ನಮ್ಮ ಅಂಕೋಲೆ ಬದಿದು. ನಾನೇ ತಂದದ್ದು."

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅವನು ರಜೆಗೆ ಊರಿಗೆ ಹೋಗಿದ್ದಾಗ ಅಕ್ಕ ಕೃಷ್ಣವೇಣಿ ಕಪ್ಪು ಪಾಂಪ್ಲೆಟ್ ಮೀನು ಕೊಯ್ಯುತ್ತ, ಅದರ ಬಾಯಿಂದ ಇದನ್ನು ಕಿತ್ತು ಬೆಕ್ಕಿಗೆ ಎಸೆಯುವವಳಿದ್ದಳು. ಇಂಥದು ಕಂಡರೆ ತಾ ಎಂದು ವಿಭಾಗದ ಆಗಿನ ಮೇಷ್ಟ್ರು ಹೇಳಿದ್ದರು. ಕೆಮ್ಮಿನ ಔಷಧಿಯ ಶೀಶೆಗೆ ಸ್ಪಿರಿಟ್ ಹಾಕಿ ತಂದ. ಬರುವಷ್ಟರಲ್ಲಿ ಮೇಷ್ಟ್ರು ಆಸ್ಪತ್ರೆ ಸೇರಿದ್ದರು, ಮರಳಲಿಲ್ಲ. ಚೀಟಿಯಿಲ್ಲದ ಶೀಶೆಯನ್ನು ಎಸೆದುಬಿಡುತ್ತಾರೆ ಎಂಬ ಹೆದರಿಕೆಗೆ, ಪಕ್ಕದ ಶೀಶೆಯ ಚೀಟಿಯನ್ನು ರಂಗೋಲಿ ನೋಡಿ ಎಳೆದಂತೆ ತಾರೀಖು ಸಮೇತ ಎಳೆದು ಒಳಗೆ ಹಾಕಿದ. ಅದು ಊರಿನ ಹೆಸರೆಂದು ತಿಳಿದದ್ದು ಇವತ್ತು.

"ನಂಗೆ ಇಂಗ್ಲಿಷ್ ಓದೂಕೆ ಬರೂದಿಲ್ಲ. ಕನ್ನಡಕ ಮರೆತೆ ಅಂತ ಹೇಳೂದೆಲ್ಲ ಸುಳ್ಳು."

ಇಂಚರಾ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದಳು.

"ಆರು ತಿಂಗಳು, ಕಾಕು. ನೀವು ಸುಮ್ನೆ ಇದ್ದಿದ್ರೆ ಯಾರ್ಗೂ ಗೊತ್ತೇ ಆಗ್ತಿರ್ಲಿಲ್ಲ."

"ಗೊತ್ತಾದ ದಿನ ತಪ್ಪು ನಿನ್ನ ತಲೆಗೆ ಬರ್ತಿತ್ತು. ಬರೆದವ ನಾನು."

ಲೇಖನ ಹೋಗಲಿಲ್ಲ. ಎರಡು ದಿನ ಅವಳು ವಿಭಾಗಕ್ಕೂ ಬರಲಿಲ್ಲ. ಮೂರನೆಯ ದಿನ ಬಂದವಳು ಬ್ಯಾಗಿನಿಂದ ರೈಲಿನ ಟಿಕೆಟ್ ತೆಗೆದು ತೋರಿಸಿದಳು. ಅಂಕೋಲೆಯ ಕಡಲಲ್ಲೇ ಮತ್ತೆ ಹಿಡಿದು ನೋಡಬೇಕು. ಸಿಗಬಹುದು, ಸಿಗದೆಯೂ ಇರಬಹುದು. ನಿಮ್ಮ ಅಕ್ಕ ಮನೆಗೆ ಸೇರಿಸ್ತಾರಾ ಎಂದು ಕೇಳಿದಳು. ರಂಗನಾಥ ಅಲ್ಲೇ ಫೋನು ಹಚ್ಚಿದ. ಹುಡುಗಿ ಬರುವ ತನಕ ಯಾವ ಪಾಂಪ್ಲೆಟಿನ ತಲೆಯನ್ನೂ ಬೆಕ್ಕಿಗೆ ಹಾಕಬೇಡ ಅಂದ. ಅತ್ತ ಕೃಷ್ಣವೇಣಿಗೆ ಬೇರೆಯದೇ ಚಿಂತೆ.

"ಅವ್ಳಿಗೆ ಮೀನು ತಿನ್ನೂಕೆ ಬತ್ತದೇನೋ?"

"ಕಲ್ಕತ್ತೆಯವ್ಳು ಅಕ್ಕಾ. ಮುಳ್ಳು ಬಿಡಿಸೂದು ನಿಂಗೇ ಕಲಿಸ್ತಾಳೆ."

ಇಂಚರಾ ನಕ್ಕಳು. ಗುರುವಾರ ಹೌರಾ ನಿಲ್ದಾಣದಿಂದ ಅವಳೊಬ್ಬಳೇ ಅಂಕೋಲೆಗೆ ಹೊರಟಳು. ರೈಲು ಕದಲಿದಾಗ ರಂಗನಾಥ ಕಿಟಕಿಯ ಸರಳು ಹಿಡಿದು, ಪ್ಲಾಟ್‌ಫಾರಂ ಮುಗಿಯುವವರೆಗೂ ಜೊತೆಗೆ ನಡೆದ.