ಎಡಗಡೆಯ ಸ್ಟೂಲು

"ಸ್ಟೂಲನ್ನ ಬಲಗಡೆ ಹಾಕ್ಕೋ," ಎಂದ ಡ್ರೈವರ್.

ಗಿಟಾರಿನ ಚೀಲ ಬಿಚ್ಚುತ್ತಿದ್ದ ಭಾಮೈದ ತಲೆಯೆತ್ತಿ ನೋಡಿದ. ಬಲಗಡೆ ಗೋಡೆಗೊತ್ತಿ ಪೇಂಟಿನ ಡಬ್ಬಗಳನ್ನು ಎದೆಮಟ್ಟ ಜೋಡಿಸಿಟ್ಟಿದ್ದರು. ಅವುಗಳ ಮೇಲೊಂದು ಟೇಬಲ್ ಫ್ಯಾನು ಗರಗರ ತಿರುಗುತ್ತಿತ್ತು.

"ಅಲ್ಲಿ ಇಕ್ಕಟ್ಟು, ಗಿಟಾರಿನ ಕತ್ತು ನಿಮಗೇ ತಾಗುತ್ತೆ ಭಾವ. ನನ್ನ ಕತ್ತಾದ್ರೆ ನಿಮ್ಮ ತಂಗಿ ತಿರುಚಿ ತಿರುಚಿ ಅಭ್ಯಾಸ ಆಗಿದೆ, ಇದು ಪಾಪ ಇನ್ನೂ ಹೊಸದು."

ಅವರದು ಕೊಟ್ಟು ತಂದ ಸಂಬಂಧ; ಅವನ ಹೆಂಡತಿ ಡ್ರೈವರನ ತಂಗಿ, ಡ್ರೈವರನ ಹೆಂಡತಿ ಅವನ ಅಕ್ಕ. ಹೆಂಡತಿಯ ಮಾತೆತ್ತಿ ತಾನೇ ನಕ್ಕು, ಸ್ಟೂಲನ್ನು ಎಡಗಡೆ ಎಳೆದುಕೊಂಡು ಕೂತ. ಡ್ರೈವರ್ ಮತ್ತೆ ಒತ್ತಾಯ ಮಾಡಲಿಲ್ಲ. ಇನ್ನೊಂದು ಸಲ ಹೇಳಿದರೆ ಯಾಕೆ ಅಂತ ಕೇಳುತ್ತಾನೆ. ಯಾಕೆ ಅನ್ನುವುದಕ್ಕೆ ಉತ್ತರ ಒಂದೇ, ಅದನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ಡ್ರೈವರನ ಎಡಗಿವಿ ಸತ್ತು ಆರು ತಿಂಗಳಾಗಿತ್ತು. ಹೆಂಡತಿಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಪೇಂಟ್ ಅಂಗಡಿಯ ಮಹಡಿಯಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಊರಿನವರು ಸೇರಿ ಹಾಡುತ್ತಿದ್ದರು. ಎರವಲು ಹಾಡಿನ ಸಂಜೆ ಎಂದು ಅದಕ್ಕೆ ಹೆಸರು. ಯಾರೂ ಸ್ವಂತದ್ದು ಹಾಡುವಂತಿಲ್ಲ, ಬೇರೆ ಯಾರೋ ಹಾಡಿ ಹೆಸರಾದದ್ದನ್ನೇ ಹಾಡಬೇಕು. ಮೊದಲ ವರ್ಷ ಒಬ್ಬ ವಕೀಲ ತಾನೇ ಕಟ್ಟಿದ ಹಾಡನ್ನು ಜನ ಎದ್ದು ಹೋಗುವ ತನಕ ಹಾಡಿದ್ದ; ಆಮೇಲೆ ಬಂದ ಕಟ್ಟಳೆ ಇದು. ಅಂಗಡಿಯವನು ಬಾಗಿಲ ಮೇಲೆ ನೀಲಿ ಪೇಂಟಿನಲ್ಲಿ 'ಸ್ವಂತದ್ದನ್ನು ಮನೆಯಲ್ಲಿಟ್ಟು ಬನ್ನಿ' ಎಂದು ಬರೆದಿದ್ದ. ಇಲ್ಲಿಯ ತನಕ ಮೈಕಿತ್ತು, ಸ್ಪೀಕರಿತ್ತು. ಸ್ಪೀಕರು ಡ್ರೈವರನ ಬಲಕ್ಕಿರುತ್ತಿದ್ದುದರಿಂದ ಗಿಟಾರು ಅದರೊಳಗಿಂದ ಒಳ್ಳೆಯ ಕಿವಿಗೇ ಬಂದು ಬೀಳುತ್ತಿತ್ತು, ಹೇಗೋ ನಡೆದುಹೋಗುತ್ತಿತ್ತು. ಈ ತಿಂಗಳು ಅಂಗಡಿಯವನಿಗೆ ಹೊಸ ಹುಚ್ಚು ಹಿಡಿದಿತ್ತು. ವೈರು, ಕರೆಂಟು ಯಾವುದೂ ಬೇಡ, ಗಂಟಲು ಮತ್ತು ಮರದ ಸದ್ದು ಎರಡೇ ಸಾಕು ಎಂದುಬಿಟ್ಟಿದ್ದ.

ಬರದೇ ಇರುವ ಹಾಗೂ ಇರಲಿಲ್ಲ. ಡಿಪೋ ಮ್ಯಾನೇಜರು, ನಿನ್ನ ಹಾಡು ಕೇಳೋಕೆ ಅಂತಲೇ ಹೆಂಡತಿಯನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದರು. ಮೊದಲನೇ ಸಾಲಿನಲ್ಲಿ ಕಾಲಮೇಲೆ ಕಾಲು ಹಾಕಿಕೊಂಡು ಕೂತೂ ಇದ್ದರು.

ಹೋದ ವಾರ ಇದೇ ಮ್ಯಾನೇಜರ ಎದುರಿಗೆ ಕಂಡಕ್ಟರು ಅತ್ತಿದ್ದ. ಮುದುಕಿಯೊಬ್ಬಳು ಬಸ್ಸಿನಿಂದ ಇಳಿಯುತ್ತಿದ್ದಾಗಲೇ ಬಸ್ಸು ಹೊರಟು, ಚೀಲ ಬಾಗಿಲಿಗೆ ಸಿಕ್ಕಿ, ಅವಳನ್ನು ನಾಲ್ಕು ಮಾರು ದೂರ ಎಳೆದುಕೊಂಡು ಹೋಗಿತ್ತು. ಜನ ಕೂಗಿದ್ದಾರೆ, ಬಸ್ಸಿನ ಮೈ ಬಡಿದಿದ್ದಾರೆ. ಡ್ರೈವರನಿಗೆ ಗೊತ್ತಾದದ್ದು ಕನ್ನಡಿಯಲ್ಲಿ ಅವಳ ಬಿಳಿಕೂದಲು ಕಂಡಾಗ. ನಿಲ್ಲಿಸು ಅಂತ ಸೀಟಿ ಹೊಡೆದೆ ಸಾರ್, ಮತ್ತೆ ಮತ್ತೆ ಹೊಡೆದೆ ಎಂದು ಕಂಡಕ್ಟರು ತಾಯಿಯಾಣೆ ಹಾಕಿದ. ಯಾರೂ ನಂಬಲಿಲ್ಲ. ಇನ್ನೊಂದು ದೂರು ಬಂದರೆ ಮನೆಗೆ ಹೋಗು ಅಂದರು. ಡ್ರೈವರ್ ಪಕ್ಕದಲ್ಲೇ ಟೋಪಿ ಹಿಡಿದುಕೊಂಡು ನಿಂತಿದ್ದ. ಮಂಡಿ ತರಚಿದ್ದಷ್ಟೇ, ಮುದುಕಿ ಬದುಕಿದಳು ಎಂದು ಹೆಂಡತಿಗೆ ಹೇಳಿದ. ಡಾಕ್ಟರಿಗೆ ತೋರಿಸಿದರೆ ಡಾಕ್ಟರು ಬರೆದುಕೊಡುತ್ತಾನೆ, ಬರೆದುಕೊಟ್ಟರೆ ಸ್ಟೀರಿಂಗಿನಿಂದ ಇಳಿಸಿ ಬಸ್ಸು ತೊಳೆಯಲು ಹಾಕುತ್ತಾರೆ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಗಂಡಸು ಪೈಪು ಹಿಡಿದು ನಿಲ್ಲಬೇಕೆ?

ಗಂಡಹೆಂಡತಿ ಮನೆಯಲ್ಲೇ ಒಂದು ಉಪಾಯ ಮಾಡಿಕೊಂಡು ಬಂದಿದ್ದರು. ಹಾಡಿಗೆ ಎರಡು ಚರಣ. ನಡುವೆ ಗಿಟಾರೊಂದೇ ಸ್ವಲ್ಪ ಹೊತ್ತು ನುಡಿಯುತ್ತದೆ, ಅದು ಮುಗಿದ ಕೂಡಲೇ ಇವನು ಎತ್ತಿಕೊಳ್ಳಬೇಕು. ಹೆಂಡತಿ ಮುಂದಿನ ಸಾಲಿನಲ್ಲಿ ಕೂತು ಗಿಟಾರಿನ ತಾಳಕ್ಕೆ ಕೈಚೀಲದ ಮೇಲೆ ಬೆರಳಾಡಿಸುತ್ತಿರುತ್ತಾಳೆ, ಎತ್ತಿಕೊಳ್ಳುವ ಜಾಗ ಬಂದಾಗ ಅಂಗೈ ಮಗುಚುತ್ತಾಳೆ.

ಮೊದಲ ಚರಣ ಸಲೀಸಾಗಿ ಹೋಯಿತು. ಯಾವುದೋ ಕಾಲದ ಹಾಡು, ದಡದಲ್ಲಿ ನಿಂತು ಕಾಯುವವಳ ಹಾಡು. ಸಭೆಯಲ್ಲಿ ಅರ್ಧ ಜನಕ್ಕೆ ಬಾಯಿಪಾಠ. ಅವನ ಗಂಟಲಿಗೇನೂ ಆಗಿರಲಿಲ್ಲ. ಕೊನೆಯ ಸಾಲನ್ನು ಇಳಿಸಿ ಬಿಟ್ಟು, ಹೆಂಡತಿಯ ಚೀಲದ ಮೇಲೆ ಕಣ್ಣು ನೆಟ್ಟು ಗಿಟಾರಿಗೆ ಜಾಗ ಬಿಟ್ಟುಕೊಟ್ಟ.

ಅವಳ ಬೆರಳು ಅಲ್ಲಾಡಲಿಲ್ಲ.

ಮ್ಯಾನೇಜರ ಹೆಂಡತಿ ಏನೋ ಮಾತಾಡಿಸಿರಬೇಕು, ಇವಳು ಮೈಮರೆತಳು ಎಂದು ಅವನಿಗೆ ರೇಗಿತು. ಬಲಗಿವಿಗೆ ಫ್ಯಾನಿನ ಗರಗರ ತುಂಬಿಕೊಂಡಿತ್ತು, ಅದರೊಳಗೆಲ್ಲೋ ಗಿಟಾರು ಇದ್ದೇ ಇರುತ್ತದೆ ಎಂದು ನಂಬಿ ತಾನೇ ತಾಳ ಹಾಕತೊಡಗಿದ. ಅನುಮಾನ ಬರಬಾರದು ಎಂದು ತಲೆದೂಗಿದ. ಪಾದ ಕುಟ್ಟಿದ. ಒಂದು ಕಡೆ, ಭಾಮೈದನ ಬೆರಳೋಟ ಚೆನ್ನಾಗಿ ಬರುವ ಜಾಗದಲ್ಲಿ, ಭೇಷ್ ಅನ್ನುವ ಹಾಗೆ ಹುಬ್ಬೆತ್ತಿ ನಕ್ಕ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಸಾಲಿನಿಂದ ಸಾಲಿಗೆ ಹರಡಿತು. ಯಾಕೆ ನಗುತ್ತಿದ್ದಾರೆ? ಹೆಂಡತಿಯ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಬಿದ್ದರೆ ಬೀಳಲಿ ಎಂದು ಎರಡನೇ ಚರಣ ಎತ್ತಿಕೊಂಡ, ಕಣ್ಣು ಮುಚ್ಚಿ ಕೊನೆಯ ತನಕ ಹಾಡಿದ.

ಚಪ್ಪಾಳೆ ಬಿತ್ತು. ಎಂದೂ ಬೀಳದಷ್ಟು ಬಿತ್ತು. ಮ್ಯಾನೇಜರು ಎದ್ದು ನಿಂತು ತಟ್ಟುತ್ತಿದ್ದರು.

ಡ್ರೈವರ್ ಎಡಕ್ಕೆ ತಿರುಗಿದ. ಗಿಟಾರಿನಿಂದ ಒಂದು ತಂತಿ ಕಡಿದು ಸುರುಳಿಯಾಗಿ ನೇತಾಡುತ್ತಿತ್ತು. ಭಾಮೈದ ರಕ್ತ ಬಂದ ಬೆರಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದ. ಗಿಟಾರನ್ನು ಆಗಲೇ ಗೋಡೆಗೆ ಒರಗಿಸಿಯಾಗಿತ್ತು.

ತಂತಿ ಕಡಿದರೂ ಬಿಡದೆ, ಇಲ್ಲದ ಗಿಟಾರಿಗೆ ತಲೆದೂಗಿ ನಗಿಸಿದನಲ್ಲ, ಏನು ಗುಂಡಿಗೆ ಇವನದು ಎಂದು ಅಂಗಡಿಯವನು ಬೆನ್ನು ತಟ್ಟಿದ. ಡ್ರೈವರ್ ನಕ್ಕ ಹಾಗೆ ಮಾಡಿದ. ಡಬ್ಬಗಳಿಗೆ ಒರಗಿ ನಿಂತ.

ಭಾಮೈದ ಕೂತಲ್ಲಿಂದ ಮಾತಾಡಲಿಲ್ಲ. ಎದ್ದು, ಅವನನ್ನು ಬಳಸಿ ಬಂದು, ಫ್ಯಾನು ಆರಿಸಿ ಬಲಗಿವಿಯ ಹತ್ತಿರ ಬಾಯಿ ತಂದ.

"ಯಾವಾಗಿಂದ ಭಾವ?"

ಆರಿದ ಫ್ಯಾನಿನ ರೆಕ್ಕೆ ನಿಲ್ಲುವುದನ್ನು ಡ್ರೈವರ್ ನೋಡುತ್ತಿದ್ದ.

"ಆ ಕಂಡಕ್ಟರು ಸೀಟಿ ಹೊಡೆದಿದ್ದ ಹಾಗಾದ್ರೆ."

"ನಿಮ್ಮಕ್ಕನ ಮುಖ ನೋಡು," ಎಂದ ಡ್ರೈವರ್.

"ಅಕ್ಕನ ಮುಖ ನೋಡಿಯೇ ಸುಮ್ಮನಿರ್ತೀನಿ. ಯಾರಿಗೂ ಹೇಳಲ್ಲ." ಭಾಮೈದ ಕರವಸ್ತ್ರವನ್ನು ಬಿಗಿಮಾಡಿಕೊಂಡ. "ಆದ್ರೆ ಸೋಮವಾರದಿಂದ ನನ್ನ ಮಗಳನ್ನ ನಾನೇ ಸ್ಕೂಟರಲ್ಲಿ ಸ್ಕೂಲಿಗೆ ಬಿಡ್ತೀನಿ. ನಿಮ್ಮ ಬಸ್ಸಿಗೆ ಕಳಿಸಲ್ಲ."

ಅಷ್ಟು ಹೇಳಿ ಚೀಲದ ಜಿಪ್ಪು ಎಳೆಯತೊಡಗಿದ.

ಸಿಕ್ಕಿಬೀಳುತ್ತೇನೆಂಬ ಭಯ ಒಂದಿತ್ತಲ್ಲ, ಅದು ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತ್ತು. ಯಾರೂ ಹಿಡಿಯುವುದಿಲ್ಲ. ಸೋಮವಾರ ಕೈಗೆ ಕೀಲಿ ಕೊಡುತ್ತಾರೆ. ಮಕ್ಕಳು ಹತ್ತುತ್ತವೆ, ಚೀಲ ಎಳೆದುಕೊಂಡು ಎಡಗಡೆಯ ಬಾಗಿಲಿನಿಂದ ಇಳಿಯುತ್ತವೆ. ತಂಗಿಯ ಮಗಳು ಒಬ್ಬಳು ಮಾತ್ರ ಇರುವುದಿಲ್ಲ.

"ಬಾರಪ್ಪಾ ಹಾಡುಗಾರ, ಇಲ್ಲಿ ಬಾ," ಎಂದು ಮ್ಯಾನೇಜರು ಕರೆದರು. ಹೆಂಗಸರಿಬ್ಬರೂ ಟೀ ತರಲು ಎದ್ದು ಹೋಗಿದ್ದರಿಂದ ಅವರ ಎರಡೂ ಪಕ್ಕದ ಕುರ್ಚಿಗಳು ಖಾಲಿಯಿದ್ದವು.

ಕುರ್ಚಿ ಆರಿಸುವುದನ್ನು ಡ್ರೈವರ್ ಆರು ತಿಂಗಳಿಂದ ಚೆನ್ನಾಗಿ ಕಲಿತಿದ್ದ. ಮ್ಯಾನೇಜರ ಎಡಕ್ಕೆ ಕೂತರೆ ಅವರು ತನ್ನ ಬಲಗಿವಿಗೆ ಬರುತ್ತಾರೆ. ಆ ಕುರ್ಚಿಯ ಬೆನ್ನನ್ನು ಹಿಡಿದ. ಆಮೇಲೆ ಕೈಬಿಟ್ಟು, ಸುತ್ತಿಕೊಂಡು ಹೋಗಿ ಅವರ ಬಲಗಡೆಯ ಕುರ್ಚಿಯಲ್ಲಿ, ಸತ್ತ ಕಿವಿ ಅವರ ಕಡೆಗಿರುವ ಹಾಗೆ ಕೂತ.

ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟು ನೇರ ಮುಂದಕ್ಕೆ ನೋಡಿದ. ಮುಂದಿನ ಹಾಡಿನವಳು, ದರ್ಜಿ ಅಂಗಡಿಯವಳು, ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಕಣ್ಣಂಚಿನಲ್ಲಿ ಮ್ಯಾನೇಜರ ಕೈ ಕಾಣಿಸುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು, ಒಮ್ಮೆ ಗಿಟಾರು ಬಾರಿಸಿ ತೋರಿಸಿತು. ಆಮೇಲೆ ಏನೋ ಕೇಳಿದ ಹಾಗೆ ಅಂಗೈ ಮೇಲೆ ಮಾಡಿ ನಿಂತಿತು.

ಟೀ ಮೇಜಿನ ಹತ್ತಿರ ಹೆಂಡತಿ ಎರಡು ಕಪ್ಪು ಹಿಡಿದುಕೊಂಡು ನಿಂತಲ್ಲೇ ನಿಂತಿದ್ದಳು. ತಿರುಗಿ, ತಿರುಗಿ ಎಂದು ಗದ್ದದಿಂದ ಸನ್ನೆ ಮಾಡಿದಳು.

ಅವನು ಕತ್ತು ತಿರುಗಿಸಲಿಲ್ಲ. ಪಕ್ಕದಲ್ಲಿ ಆ ಕೈ ಅಂಗೈ ಬಿಚ್ಚಿಕೊಂಡು ಗಾಳಿಯಲ್ಲಿ ಹಾಗೇ ಇತ್ತು.